ಕಂಬಾರಸಾಲೆಯಲ್ಲಿ ಲಾಟರಿ

ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳ ಬಗ್ಗೆ ನಮ್ಮ ನರೇಗಲ್ಲಿನಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಒಂದು, ಇವು ಹುಡುಗರನ್ನು ಹಾಳು ಮಾಡಲಿಕ್ಕೇ ಹುಟ್ಟಿದ ಪಿಡುಗು, ಮೊಬೈಲು ಕಸಿದು ಬಾವಿಗೆ ಒಗೆಯಬೇಕು ಎಂಬುದು. ಇನ್ನೊಂದು, ಹುಡುಗರು ಒಂದು ಕಡೆ ಕುಳಿತು ಆಡಿಕೊಂಡಿದ್ದರೆ ನಮಗೇನು, ಹೊಲಮನೆಯ ಕೆಲಸಕ್ಕೆ ಅಡ್ಡ ಬಾರದಿದ್ದರೆ ಸಾಕು ಎಂಬುದು. ಮೊದಲನೆಯವರು ಆಟವನ್ನು ನೋಡಿಲ್ಲ, ಎರಡನೆಯವರು ಬ್ಯಾಂಕಿನ ಪಾಸ್‌ಬುಕ್ ನೋಡಿಲ್ಲ. ನನ್ನ ಜಗಳ ಇಬ್ಬರೊಡನೆಯೂ ಉಂಟು. ಆದರೆ ಇವರಿಬ್ಬರ ನಡುವಿನ ಸಂದಿಯಲ್ಲಿ ಸದ್ದಿಲ್ಲದೆ ಅಂಗಡಿ ಹಾಕಿ ಕುಳಿತ ಮೂರನೆಯವನೊಬ್ಬನಿದ್ದಾನೆ. ಮುಖ್ಯ ಜಗಳ ಅವನೊಡನೆ.

ಅವನ ಅಂಗಡಿಯ ಸರಕು ಮೂರು: ಕತ್ತಿ, ಕವಚ, ಔಷಧದ ಸೀಸೆ. ಮೂರೂ ಕೈಗೆ ಸಿಗುವಂಥವಲ್ಲ. ಪರದೆಯ ಮೇಲೆ ಹೊಳೆಯುವ ಚಿತ್ರಗಳು. ಆ ಚಿತ್ರಗಳನ್ನು ಇನ್ನಷ್ಟು ಬಲಪಡಿಸಿಕೊಡುತ್ತೇನೆಂದು ಅವನು ನಮ್ಮ ಮಕ್ಕಳಿಂದ ದುಡ್ಡು ಪಡೆಯುತ್ತಾನೆ. ಬಲಪಡಿಸುವ ಈ ಕೆಲಸಕ್ಕೆ ಹುಡುಗರ ಬಾಯಲ್ಲಿ ‘ಅಪ್‌ಗ್ರೇಡ್’ ಎಂದು ಹೆಸರು. ಕನ್ನಡ ಕಲಿಸುವ ನಾನು ‘ಏರಿಸುವುದು’ ಎನ್ನುತ್ತೇನೆ. ಕತ್ತಿಗೆ ಸಾಣೆ ಏರಿಸುವುದು ಎಂಬ ಮಾತು ನಮ್ಮಲ್ಲಿ ಇದ್ದೇ ಇದೆಯಲ್ಲ.

ಆಟವನ್ನೇ ಕಾಣದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಕಲ್ಪನೆಯ ಲೋಕವೊಂದರಲ್ಲಿ ಆಡುವವನು ಒಬ್ಬ ವೀರನ ಇಲ್ಲವೇ ವೀರನಾರಿಯ ವೇಷ ತೊಡುತ್ತಾನೆ. ಮೊದಲಿಗೆ ಕೈಯಲ್ಲಿ ತುಕ್ಕು ಹಿಡಿದ ಕತ್ತಿ, ಮೈಮೇಲೆ ಹರಕು ಅಂಗಿ. ಕಾಡು ಸುತ್ತಿ, ರಕ್ಕಸರನ್ನು ಕೊಂದು, ಅದಿರು, ತೊಗಲು, ಬೇರುಗಳನ್ನು ಕೂಡಿಸಬೇಕು. ಊರೊಳಗೆ ಒಬ್ಬ ಕಂಬಾರ ಇರುತ್ತಾನೆ. ಅದಿರು ಕೊಟ್ಟರೆ ಕತ್ತಿಯನ್ನು ಕಾಯಿಸಿ ಬಡಿದು ಒಂದು ಮೆಟ್ಟಿಲು ಏರಿಸುತ್ತಾನೆ. ತೊಗಲು ಕೊಟ್ಟರೆ ಕವಚ ಗಟ್ಟಿಯಾಗುತ್ತದೆ. ಬೇರು ಕೊಟ್ಟರೆ ವೈದ್ಯೆಯೊಬ್ಬಳು ಗಾಯ ಮಾಯಿಸುವ ಔಷಧ ಕಾಸಿ ಕೊಡುತ್ತಾಳೆ. ಇದರ ಮೂಲ ಯಂತ್ರದಲ್ಲಿ ಇಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಕಾಗದ, ಪೆನ್ಸಿಲು, ದಾಳ ಇಟ್ಟುಕೊಂಡು ಗೆಳೆಯರು ಸುತ್ತ ಕುಳಿತು ಆಡುವ ಆಟ ಅದು. ಮಾಂತ್ರಿಕ ಕತ್ತಿಗೆ ಒಂದು ಅಂಕ ಹೆಚ್ಚು, ಎರಡು ಅಂಕ ಹೆಚ್ಚು ಎಂಬ ಲೆಕ್ಕ ಅಲ್ಲಿಂದ ಬಂತು. ಕಂಪ್ಯೂಟರಿಗೂ ಮುಂದೆ ಮೊಬೈಲಿಗೂ ಅದೇ ಲೆಕ್ಕ ಇಳಿಯಿತು. ನಮ್ಮೂರ ಹುಡುಗರು ಅಗಸಿಯ ಕಟ್ಟೆಯ ಮೇಲೆ ಕುಳಿತು ಆಡುವುದು ಹೆಚ್ಚಾಗಿ ಬಂದೂಕಿನ ಆಟ. ಕತ್ತಿಯ ಬದಲು ಬಂದೂಕು, ರಕ್ಕಸನ ಬದಲು ಎದುರಾಳಿ ಎಂಬುದನ್ನು ಬಿಟ್ಟರೆ ಏರಿಸುವ ಪದ್ಧತಿ ಅದೇ.

ಆಟವನ್ನು ಆಡದೆ ಬೈಯುವುದು ಪುಸ್ತಕ ಓದದೆ ವಿಮರ್ಶೆ ಬರೆದಂತೆ. ಆದ್ದರಿಂದ ಒಂದು ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿಯಿಂದ ಬಂದಿದ್ದ ತಮ್ಮನ ಮಗನ ಪಕ್ಕ ಕುಳಿತು ನಾನೂ ಆಡಿದೆ. ಅವನು ಕಂಪ್ಯೂಟರಿಗೆ ದುಡ್ಡು ಕೊಟ್ಟು ಕೊಂಡಿದ್ದ ಆಟ, 2015ರಲ್ಲಿ ಬಂದ ‘ದಿ ವಿಚರ್ 3’. ಪೋಲೆಂಡ್ ದೇಶದವರು ಮಾಡಿದ್ದು. ಅದರ ನಾಯಕ ಗಿಡಮೂಲಿಕೆ ಆಯ್ದು ತಂದು ತಾನೇ ಔಷಧ ಕಾಸಿಕೊಳ್ಳುತ್ತಾನೆ. ಅತಿಯಾಗಿ ಕುಡಿದರೆ ಅದೇ ಔಷಧ ಮೈಗೆ ವಿಷವಾಗುತ್ತದೆ.

“ಅತ್ತಿ, ಇನ್ನೊಂದ ಸೀಸೆ ಕುಡದ್ರ ಸಾಯ್ತಾನ ಅಂವ, ತಡೀರಿ” ಎಂದು ಹುಡುಗ ನನ್ನ ಕೈ ಹಿಡಿದ.

ನನಗೆ ಸಂತೋಷವಾಯಿತು. ಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡ ನಮ್ಮ ಜಿಲ್ಲೆಯಲ್ಲೇ ಇದೆ. ಯಾವ ಔಷಧಕ್ಕೂ ಒಂದು ಅಳತೆ ಉಂಟು ಎಂಬ ಮಾತನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಪೋಲೆಂಡಿನ ಆಟವೊಂದು ಅದನ್ನೇ ಹೇಳುತ್ತಿತ್ತು. ಅದು ಬಲಿತವರ ಆಟ, ಚಿಕ್ಕವರಿಗೆ ಕೊಡುವಂಥದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಒಮ್ಮೆ ಬೆಲೆ ತೆತ್ತು ಕೊಂಡ ಮೇಲೆ ಅಲ್ಲಿಯ ಕಂಬಾರ ನಮ್ಮ ಮನೆಯ ದುಡ್ಡಿಗೆ ಕೈ ಹಾಕಲಿಲ್ಲ. ಆಟದೊಳಗೆ ದುಡಿದದ್ದನ್ನು ಆಟದೊಳಗೇ ಪಡೆದ.

ಅಲ್ಲಿ ಕುಳಿತಾಗ ಇನ್ನೊಂದು ಸಂಗತಿಯೂ ನನಗೆ ಮನದಟ್ಟಾಯಿತು. ಮೂವತ್ತು ವರ್ಷದ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಮಗು ಒಂದು ವಾರ ಕಾಗುಣಿತ ತಿದ್ದಿದರೂ ತಾನು ಎಷ್ಟು ಮುಂದೆ ಬಂದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಮೂವತ್ತು ಬಂದವನಿಗೆ ಮುಂದಿನ ಸಲ ಮೂವತ್ತೆರಡು ಬಂದರೆ ನಾವು ಬೆನ್ನು ತಟ್ಟುವುದಿಲ್ಲ, ಅವನು ನಪಾಸೇ. ಆಟದ ಕಂಬಾರ ಹಾಗಲ್ಲ. ಹತ್ತು ಕಲ್ಲು ತಂದುಕೊಟ್ಟೆಯಾ, ನಿನ್ನ ಕತ್ತಿ ಇಷ್ಟು ಏರಿತು ನೋಡು ಎಂದು ಲೆಕ್ಕ ತೋರಿಸುತ್ತಾನೆ. ಶಾಲೆಯಲ್ಲಿ ಒಂದು ದಿನವೂ ‘ಶಾಬಾಸ್’ ಕೇಳದ ಹುಡುಗ ಆ ಕಟ್ಟೆಗೆ ಹೋಗಿ ಕೂಡುವುದರಲ್ಲಿ ಆಶ್ಚರ್ಯವೇನು? ಮೊಬೈಲು ಬಾವಿಗೆ ಒಗೆಯಿರಿ ಎನ್ನುವವರು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಬೇಕು. ದುಡಿದದ್ದಕ್ಕೆ ಫಲ ಕಾಣಬೇಕು ಎಂಬ ಹಸಿವು ಕೆಟ್ಟ ಹಸಿವಲ್ಲ. ಆ ಹಸಿವಿಗೆ ಏನನ್ನು ಉಣಿಸುತ್ತಾರೆ ಎಂಬುದರಲ್ಲಿದೆ ಕೇಡು.

ನಮ್ಮ ಸೀಮೆಯಲ್ಲಿ ಕಂಬಾರನ ಅಂಗಡಿಗೂ ‘ಸಾಲಿ’ ಎನ್ನುತ್ತಾರೆ, ಮಕ್ಕಳು ಕಲಿಯುವ ಮನೆಗೂ ‘ಸಾಲಿ’ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಮುಂಗಾರಿಗೆ ಮೊದಲು ಕಂಬಾರಸಾಲೆಯ ಮುಂದೆ ರೈತರ ಸಾಲು. ಕುಂಟಿಯ ಕುಡ ಸವೆದಿರುತ್ತಿತ್ತು, ಕುಡಗೋಲಿನ ಹಲ್ಲು ಮೊಂಡಾಗಿರುತ್ತಿತ್ತು. ಒಬ್ಬ ತಿದಿ ಒತ್ತಬೇಕು, ಒಬ್ಬ ಸುತ್ತಿಗೆ ಹೊಡೆಯಬೇಕು. ರಾಶಿಯ ಕಾಲಕ್ಕೆ ಕಂಬಾರನಿಗೆ ಆಯದ ಜೋಳ ಸಲ್ಲುತ್ತಿತ್ತು. ಕುಡವನ್ನು ಒಂದು ಸಲ ಬಡಿದ ಮೇಲೆ ಅದು ಹರಿತವಾಯಿತೋ ಇಲ್ಲವೋ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. “ನಿನ್ನ ಕುಡ ಹರಿತ ಆಗೋದು ನೂರರಾಗ ಒಂದ ಸಲ, ಆಗಲಿಲ್ಲಂದ್ರ ಮತ್ತ ಜೋಳ ತಾ” ಎಂದು ಆ ಕಂಬಾರ ಹೇಳಿದ್ದರೆ ಊರವರು ಅವನನ್ನು ಏನು ಮಾಡುತ್ತಿದ್ದರು? ನಾನು ಬರೆಯುವ ಅಗತ್ಯವಿಲ್ಲ. ಇಂದು ಮೊಬೈಲಿನೊಳಗಿನ ಕಂಬಾರ ನಮ್ಮ ಮಕ್ಕಳಿಗೆ ಹೇಳುತ್ತಿರುವುದು ಇದೇ ಮಾತು. ನಾವು ಕೇಳಿಯೂ ಕೇಳದವರಂತೆ ಇದ್ದೇವೆ.

ಈ ಹಾದಿ ಒಂದೇ ದಿನದಲ್ಲಿ ಬಿದ್ದದ್ದಲ್ಲ. 2006ರ ಏಪ್ರಿಲ್‌ನಲ್ಲಿ ‘ಒಬ್ಲಿವಿಯನ್’ ಎಂಬ ಆಟದವರು ನಾಯಕನ ಕುದುರೆಗೆ ತೊಡಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದರು. ಪೂರ್ತಿ ಬೆಲೆ ತೆತ್ತು ಆಟ ಕೊಂಡವರು ಆಗ ನಕ್ಕರು, ಬೈದರು. ಆದರೆ ಕವಚ ಮಾರಿಹೋಯಿತು. ಇಲ್ಲದ ಕುದುರೆಗೆ ಇಲ್ಲದ ಕವಚ ತೊಡಿಸಲು ಇರುವ ದುಡ್ಡು ಕೊಡುವವರಿದ್ದಾರೆ ಎಂಬುದು ವ್ಯಾಪಾರಿಗಳಿಗೆ ತಿಳಿಯಿತು. ಎರಡನೆಯ ಹೆಜ್ಜೆ ಕಾಯಿಸುವುದು. 2012ರಲ್ಲಿ ಬಂದ ‘ಕ್ಲ್ಯಾಶ್ ಆಫ್ ಕ್ಲಾನ್ಸ್’ ಆಟದಲ್ಲಿ ಕೋಟೆಯನ್ನೋ ಸೈನಿಕರನ್ನೋ ಏರಿಸಲು ತಾಸುಗಟ್ಟಲೆ, ಮುಂದೆ ದಿನಗಟ್ಟಲೆ ಕಾಯಬೇಕು. ಹಸಿರು ರತ್ನ ಕೊಟ್ಟರೆ ಕೆಲಸ ತಕ್ಷಣ ಮುಗಿಯುತ್ತದೆ. ರತ್ನ ದುಡ್ಡಿಗೆ ಸಿಗುತ್ತದೆ. ಬಾಗಿಲು ತಾನೇ ಹಾಕಿ, ಬೀಗದ ಕೈ ತಾನೇ ಮಾರುವ ವ್ಯಾಪಾರ ಇದು.

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಕೆಟ್ಟದ್ದು, ಪೆಟ್ಟಿಗೆ. ಕತ್ತಿಯನ್ನಾಗಲಿ ಅದನ್ನು ಏರಿಸುವ ಕಲ್ಲನ್ನಾಗಲಿ ಇವರು ನೇರವಾಗಿ ಮಾರುವುದಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಮಾರುತ್ತಾರೆ, ಇಲ್ಲವೇ ತಿರುಗುವ ಚಕ್ರವನ್ನು ಮಾರುತ್ತಾರೆ. ಒಳಗೆ ಏನಿದೆಯೋ ಅದೃಷ್ಟ. ಹತ್ತು ಸಲ ತೆಗೆದರೆ ಒಂಬತ್ತು ಸಲ ಕೆಲಸಕ್ಕೆ ಬಾರದ ಚೂರು. ದುಡ್ಡಿನ ಹೆಸರನ್ನೂ ಬದಲಿಸಿಬಿಟ್ಟಿದ್ದಾರೆ, ರೂಪಾಯಿ ಕೊಟ್ಟು ಮೊದಲು ‘ಡೈಮಂಡ್’ ಕೊಳ್ಳಬೇಕು. ರೂಪಾಯಿ ಖರ್ಚಾದರೆ ಎದೆ ಚುರುಕ್ ಎನ್ನುತ್ತದೆ, ಡೈಮಂಡ್ ಖರ್ಚಾದರೆ ಹಾಗೆನ್ನಿಸುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಳ್ಳೆಯ ಕಲ್ಲು ಬರುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ನೂರು ಸಲ ಚಕ್ರ ತಿರುಗಿಸಿದರೆ ಒಂದು ಬಂದೇ ಬರುತ್ತದೆ ಎಂದು ನಮ್ಮ ಹುಡುಗರು ತಿಳಿಯುತ್ತಾರೆ. ದೊಡ್ಡವರೂ ಹಾಗೇ ತಿಳಿಯುತ್ತಾರೆ. ಅದು ಸುಳ್ಳು. ಪ್ರತಿ ಸಲವೂ ಬಾರದಿರುವ ಸಂಭವ ನೂರಕ್ಕೆ 99. ಅದನ್ನು ನೂರು ಸಲ ಗುಣಿಸಿದರೆ ಸುಮಾರು 37 ಉಳಿಯುತ್ತದೆ. ಅಂದರೆ ನೂರು ಹುಡುಗರು ತಲಾ ನೂರು ಸಲ ತಿರುಗಿಸಿದರೂ ಸುಮಾರು 37 ಮಂದಿ ಬರಿಗೈಯಲ್ಲಿ ಏಳುತ್ತಾರೆ. ಒಂದು ಸಲಕ್ಕೆ ಹತ್ತು ರೂಪಾಯಿ ಎಂದರೂ ತಲಾ ಸಾವಿರ ರೂಪಾಯಿ ಹೋಯಿತು. ಬಂದ 63 ಮಂದಿ ಊರೆಲ್ಲ ತೋರಿಸುತ್ತ ತಿರುಗುತ್ತಾರೆ. ಬಾರದ 37 ಮಂದಿ ಸುಮ್ಮನಿರುತ್ತಾರೆ. ಲಾಟರಿಯ ಪ್ರಚಾರ ಯಾವಾಗಲೂ ನಡೆದದ್ದು ಹೀಗೆಯೇ.

ಸುಮ್ಮನಿದ್ದವರಲ್ಲಿ ಒಬ್ಬನ ತಾಯಿ ಒಂದು ದಿನ ನನ್ನ ಮನೆಗೆ ಬಂದಳು. ಹೆಸರು ಬೇಡ. ಮಗ ಒಂಬತ್ತನೆಯ ಇಯತ್ತೆ. ಗಂಡ ದುಡಿಯಲು ಗೋವೆಗೆ ಹೋದವನು ಯಾವಾಗಲೋ ಬರುತ್ತಾನೆ, ಯಾವಾಗಲೋ ಹೋಗುತ್ತಾನೆ. ಆಕೆ ಕಡಲೆ ಕೀಳಲು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಖಾತೆಗೆ ಬಂದಿತ್ತು. ತೆಗೆಯಲು ಹೋದರೆ ಉಳಿದದ್ದು ನೂರು. ವಾರದೊಳಗೆ ಹತ್ತೊಂಬತ್ತು ಸಲ ನೂರು ನೂರು ರೂಪಾಯಿ ಮೊಬೈಲಿನಿಂದ ಹೋಗಿತ್ತು. ಪ್ರತಿ ಸಲವೂ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಸಂದೇಶ ಬಂದಿದೆ. ಓದಲು ಆಕೆಗೆ ಬಾರದು. ಮನೆಯಲ್ಲಿ ಅದನ್ನು ಓದಬಲ್ಲವನು ಮಗನೊಬ್ಬನೇ.

“ಅಕ್ಕೋರ, ಏನೋ ಕತ್ತಿ ತಗೊಂಡೀನಿ ಅಂತಾನ್ರಿ. ಮನಿ ಎಲ್ಲಾ ಹುಡುಕಿದೆ, ಎಲ್ಲೂ ಇಲ್ಲ. ಎಲ್ಲಿ ಮುಚ್ಚಿಟ್ಟಾನೋ ನೀವರ ಕೇಳ್ರಿ” ಎಂದಳು.

ಹುಡುಗನನ್ನು ಕರೆಸಿ ಕೇಳಿದೆ. ಅವನು ಕಳ್ಳನಲ್ಲ, ದಡ್ಡನೂ ಅಲ್ಲ. ತಲೆ ಬಗ್ಗಿಸಿ ಹೇಳಿದ: “ಕತ್ತಿ ಏರಸಾಕ ಹನ್ನೆರಡ ಚೂರ ಬೇಕ್ರಿ ಅಕ್ಕೋರ. ಒಂಬತ್ತ ಬಂದಾವು. ಇನ್ನ ಮೂರ ಬಂದ್ರ ಮುಗೀತಿತ್ರಿ.”

‘ಇನ್ನು ಮೂರು ಬಂದರೆ ಮುಗಿಯುತ್ತಿತ್ತು’ ಎಂಬ ಆ ಮಾತಿನಲ್ಲಿ ವ್ಯಾಪಾರದ ಗುಟ್ಟೆಲ್ಲ ಇದೆ. ಮೊದಲ ಚೂರುಗಳು ಸರಸರ ಬರುತ್ತವೆ. ಕೊನೆಯವು ಬರುವುದಿಲ್ಲ. ಬಿಟ್ಟು ಎದ್ದರೆ ಈವರೆಗೆ ಹಾಕಿದ ದುಡ್ಡು ಹೋಯಿತು ಎಂಬ ಸಂಕಟ, ಮುಂದುವರಿದರೆ ಇನ್ನೂ ದುಡ್ಡು. ತುಣುಕುಗಳನ್ನು ಕೂಡಿಸಿ ಪೂರ್ತಿ ಮಾಡಿದರೆ ಬಹುಮಾನ ಎಂಬ ಈ ಬಗೆಯ ಅದೃಷ್ಟದ ಮಾರಾಟವನ್ನು ಜಪಾನ್ ಸರ್ಕಾರ 2012ರಲ್ಲೇ ಕಾನೂನುಬಾಹಿರ ಎಂದಿತು. ಜಪಾನಿನಲ್ಲಿ 2012ರಲ್ಲಿ ತಪ್ಪಾದದ್ದು ನರೇಗಲ್ಲಿನಲ್ಲಿ ಇಂದು ಸರಿಯಾಗುವುದು ಹೇಗೆ?

ಅದೃಷ್ಟವಾದರೂ ನಿಜವಾದ ಅದೃಷ್ಟವೇ ಎಂದು ಕೇಳಿದರೆ ಅದಕ್ಕೂ ಭರವಸೆಯಿಲ್ಲ. ದಕ್ಷಿಣ ಕೊರಿಯಾದಲ್ಲಿ ‘ಮೇಪಲ್‌ಸ್ಟೋರಿ’ ಎಂಬ ಆಟ ಬಹಳ ಜನಪ್ರಿಯ. ಅದರಲ್ಲಿ ಆಯುಧ, ಕವಚಗಳ ಗುಣಗಳನ್ನು ಬದಲಿಸಿ ಏರಿಸಲು ‘ಕ್ಯೂಬ್’ ಎಂಬ ಸರಕನ್ನು 2010ರಿಂದ ದುಡ್ಡಿಗೆ ಮಾರಿದರು. ಆಟಗಾರರು ಹೆಚ್ಚು ಬಯಸುವ ಗುಣಗಳು ಬರುವ ಸಂಭವವನ್ನು ಕಂಪನಿ ಗುಟ್ಟಾಗಿ ತಗ್ಗಿಸಿತ್ತು. ಕೆಲವು ಜೋಡಣೆಗಳು ಬರುವ ಸಂಭವವನ್ನು ಸೊನ್ನೆ ಮಾಡಿತ್ತು. ಸೊನ್ನೆ ಎಂದರೆ ಸಾವಿರ ಸಲ ತೆಗೆದರೂ ಬಾರದು, ಲಕ್ಷ ಸಲ ತೆಗೆದರೂ ಬಾರದು. 2024ರ ಜನವರಿಯಲ್ಲಿ ಆ ದೇಶದ ವ್ಯಾಪಾರ ಆಯೋಗ ಇದನ್ನು ಬಯಲು ಮಾಡಿ, ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿಗೂ ಹೆಚ್ಚು. ಅದೇ ವರ್ಷದ ಮಾರ್ಚ್‌ನಿಂದ ಸಂಭವದ ಅಂಕಿಗಳನ್ನು ಬಹಿರಂಗಪಡಿಸಲೇಬೇಕೆಂದು ಅಲ್ಲಿ ಕಾನೂನು ಬಂತು. ಚೀನಾ 2017ರಲ್ಲೇ ಹಾಗೆ ಆಜ್ಞೆ ಮಾಡಿತ್ತು. ಬೆಲ್ಜಿಯಂ 2018ರಲ್ಲಿ ಇಂಥ ದುಡ್ಡಿನ ಪೆಟ್ಟಿಗೆಗಳನ್ನು ಜೂಜು ಎಂದೇ ಕರೆಯಿತು. ಆಯುಧಗಳನ್ನು ಏರಿಸಲು ಧಾರಾಳವಾಗಿ ದುಡ್ಡು ಸುರಿಯುವಂತೆ ಮಾಡುವ ‘ಡಯಾಬ್ಲೊ ಇಮ್ಮಾರ್ಟಲ್’ ಎಂಬ ಆಟ 2022ರಲ್ಲಿ ಬಂದಾಗ ಬೆಲ್ಜಿಯಂನಲ್ಲೂ ನೆದರ್ಲೆಂಡ್ಸ್‌ನಲ್ಲೂ ಬಿಡುಗಡೆಯಾಗಲಿಲ್ಲ. ಕಾನೂನು ಗಟ್ಟಿಯಾಗಿದ್ದರೆ ಪೆಟ್ಟಿಗೆ ಗಡಿಯಾಚೆಯೇ ನಿಲ್ಲುತ್ತದೆ ಎಂದಾಯಿತು.

ನಮ್ಮಲ್ಲಿ ಏನಾಯಿತು? ನನಗೆ ನೆನಪಿದೆ, ಬಸ್ ನಿಲ್ದಾಣಗಳಲ್ಲಿ ಬಣ್ಣಬಣ್ಣದ ಲಾಟರಿ ಚೀಟಿಗಳನ್ನು ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದ ಕಾಲ. ಸಂಜೆಯ ಕೂಲಿ ಮನೆ ಮುಟ್ಟುತ್ತಿರಲಿಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿತು, ಹೆಣ್ಣುಮಕ್ಕಳು ಉಸಿರು ಬಿಟ್ಟರು. 2021ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆಯನ್ನು ಆ ಕಾಯ್ದೆ ಹಿಡಿದಿದೆ, ಅದು ಒಳ್ಳೆಯದು. ಆದರೆ ದುಡ್ಡು ಹಾಕಿ ಕತ್ತಿ ಗೆಲ್ಲುವ ಆಸೆಯನ್ನು ಅದು ಹೆಸರಿಟ್ಟು ಹಿಡಿದಿಲ್ಲ. ಗೆದ್ದ ಕತ್ತಿ ಮಾರಿದರೆ ರೂಪಾಯಿ ಬರುವುದಿಲ್ಲವಾದ್ದರಿಂದ ಇದು ಜೂಜಲ್ಲ ಎಂದು ವ್ಯಾಪಾರಿಗಳು ವಾದಿಸುತ್ತಾರೆ. ಎಂಥ ನ್ಯಾಯ ನೋಡಿ! ಗೆದ್ದರೆ ದುಡ್ಡು ಬರುವ ಜೂಜು ಅಪರಾಧವಂತೆ, ಗೆದ್ದರೂ ದುಡ್ಡು ಬಾರದ ಜೂಜು ಬರೀ ಆಟವಂತೆ. ಓಸಿ ಆಡಿದವನಿಗೆ ಒಮ್ಮೆಯಾದರೂ ನಂಬರು ಹತ್ತುತ್ತದೆ. ಈ ಹುಡುಗನಿಗೆ ಅದೂ ಇಲ್ಲ.

ಎದುರು ವಾದಗಳು ನನಗೆ ಗೊತ್ತು. ‘ಯಾರೂ ಒತ್ತಾಯ ಮಾಡಿಲ್ಲ, ಆಟ ಪುಕ್ಕಟೆ, ಬೇಕಾದವರು ಕೊಳ್ಳುತ್ತಾರೆ’ ಎಂಬುದು ಮೊದಲನೆಯದು. ಬೆಳೆದವರ ಮಾತಿಗೆ ಇದು ಒಪ್ಪಬಹುದು. ಹದಿನೆಂಟು ತುಂಬದವರೊಡನೆ ಕಾಗದದ ಮೇಲೆ ಕರಾರು ಮಾಡಿಕೊಂಡರೂ ಅದು ಊರ್ಜಿತವಾಗದು ಎನ್ನುತ್ತದೆ ನಮ್ಮ ಕಾನೂನು. ಹದಿನಾಲ್ಕರ ಹುಡುಗನ ಬೆರಳ ತುದಿಯಿಂದ ಹತ್ತೊಂಬತ್ತು ಸಲ ದುಡ್ಡು ತೆಗೆದುಕೊಳ್ಳುವುದನ್ನು ಮಾತ್ರ ಅವನ ಇಷ್ಟ ಎನ್ನಬೇಕೆ?

‘ಆಟ ಮಾಡಿದವರೂ ಹೊಟ್ಟೆ ಹೊರೆಯಬೇಡವೇ’ ಎಂಬುದು ಎರಡನೆಯದು. ಖಂಡಿತ ಹೊರೆಯಲಿ. ಚಿತ್ರ ಬರೆಯುವವರು, ಕಥೆ ಕಟ್ಟುವವರು, ಸಂಗೀತ ಕೂಡಿಸುವವರು ಎಲ್ಲರ ದುಡಿಮೆ ಅದರಲ್ಲಿದೆ. ಆಟಕ್ಕೆ ಒಂದು ಬೆಲೆ ಬರೆದು ಮಾರಲಿ, ನಾನೇ ಕೊಳ್ಳುತ್ತೇನೆ. ಈಗ ನಿಮ್ಮ ಕೈಯಲ್ಲಿರುವ ಪುಸ್ತಕಕ್ಕೆ ಒಂದು ಬೆಲೆಯಿದೆ, ಒಮ್ಮೆ ಕೊಟ್ಟರೆ ಪುಟಗಳೆಲ್ಲ ನಿಮ್ಮವು. ಕೊನೆಯ ಪುಟ ಬೇಕಾದರೆ ಚೀಟಿ ಎತ್ತಿರಿ ಎಂದು ಪ್ರಕಾಶಕರು ಹೇಳಿದ್ದರೆ ನೀವು ಪುಸ್ತಕವನ್ನು ಅವರ ಮೇಜಿನ ಮೇಲೇ ಇಟ್ಟು ಬರುತ್ತಿದ್ದಿರಿ.

‘ಇದು ಬರೀ ಬಣ್ಣ, ಅಲಂಕಾರ, ಗೆಲುವಿಗೂ ಅದಕ್ಕೂ ಸಂಬಂಧವಿಲ್ಲ’ ಎಂಬುದು ಮೂರನೆಯದು. ಕೆಲವು ಆಟಗಳಲ್ಲಿ ಇದು ನಿಜ. ಆದರೆ ಕಟ್ಟೆಯ ಮೇಲೆ ಕುಳಿತ ಐದು ಹುಡುಗರಲ್ಲಿ ನಾಲ್ವರ ಬಂದೂಕು ಬೆಂಕಿಯಂತೆ ಹೊಳೆಯುತ್ತಿದ್ದು ಒಬ್ಬನದು ಮಾತ್ರ ಮಂಕಾಗಿದ್ದರೆ ಆ ಒಬ್ಬನ ಮನಸ್ಸು ಏನಾಗುತ್ತದೆ ಎಂಬುದನ್ನು ಮಾಸ್ತರರನ್ನು ಕೇಳಿ. ಹರಿದ ಚಪ್ಪಲಿಯನ್ನು ತರಗತಿಯ ಹೊರಗೆ ಮೂಲೆಯಲ್ಲಿ ಬಚ್ಚಿಟ್ಟು ಒಳಗೆ ಬರುವ ಮಕ್ಕಳನ್ನು ನಾವು ದಿನಾ ನೋಡುತ್ತೇವೆ.

‘ನಮ್ಮ ಪುರಾಣಗಳಲ್ಲೂ ವೀರರು ದೊಡ್ಡ ದೊಡ್ಡ ಅಸ್ತ್ರ ಸಂಪಾದಿಸುತ್ತಿದ್ದರಲ್ಲ, ಇದೂ ಹಾಗೆಯೇ’ ಎನ್ನುವ ಜಾಣರೂ ಇದ್ದಾರೆ. ಈ ವಾದಕ್ಕೆ ನಾನು ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ನೆರೆಯ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂದು ನಂಬಿದ ನೆಲದವರು ನಾವು. ಅರ್ಜುನ ಪಾಶುಪತಕ್ಕಾಗಿ ಹೋದದ್ದು ನಿಜ. ಆದರೆ ಅದು ದೊರೆತದ್ದು ಹೇಗೆ? ಬೇಡನ ವೇಷದ ಶಿವನೊಡನೆ ಕಾದಾಡಿ, ಬಾಣಗಳೆಲ್ಲ ಮುಗಿದು, ಬಿಲ್ಲು ಹೋಗಿ, ಖಡ್ಗವೂ ಹೋಗಿ, ಬರಿಗೈಯಲ್ಲಿ ಮಲ್ಲಯುದ್ಧಕ್ಕೆ ನಿಂತ ಮೇಲೆ. ಆಯುಧವಿಲ್ಲದೆಯೂ ನಿಲ್ಲಬಲ್ಲೆ ಎಂದು ತೋರಿಸಿದವನಿಗೆ ಆಯುಧ ಸಿಕ್ಕಿತು. ಕರ್ಣ ಹುಟ್ಟುವಾಗಲೇ ಕವಚ ತೊಟ್ಟು ಬಂದವನು, ಭೇದಿಸಲಾಗದ ಕವಚ. ಅವನು ದೊಡ್ಡವನಾದದ್ದು ಅದನ್ನು ಕೊಯ್ದು ಕೊಟ್ಟ ದಿನ. ಬದಲಿಗೆ ಬಂದ ಶಕ್ತ್ಯಾಯುಧವನ್ನು ಒಂದೇ ಸಲ ಬಿಡಬಹುದಿತ್ತು. ಅದು ಘಟೋತ್ಕಚನ ಮೇಲೆ ಮುಗಿಯಿತು. ಇನ್ನು ಗಾಂಡೀವ. ಕೃಷ್ಣ ಇಲ್ಲವಾದ ಮೇಲೆ, ದ್ವಾರಕೆಯ ಹೆಣ್ಣುಮಕ್ಕಳನ್ನು ಕರೆತರುವ ದಾರಿಯಲ್ಲಿ ಸಾಮಾನ್ಯ ಕಳ್ಳರ ಎದುರು ಅರ್ಜುನನ ಕೈಯಲ್ಲಿ ಅದೇ ಗಾಂಡೀವ ಕೆಲಸಕ್ಕೆ ಬರಲಿಲ್ಲ. ಬಿಲ್ಲು ಅದೇ, ಕೈ ಸೋತಿತ್ತು. ಆಯುಧದ ಬೆಲೆ ಹಿಡಿದ ಕೈಯಲ್ಲಿದೆ ಎಂಬುದನ್ನು ಭಾರತದ ಕವಿಗಳು ಇಷ್ಟು ವಿಧದಲ್ಲಿ ಹೇಳಿದ್ದಾರೆ. ಅವರನ್ನು ಈ ಪೆಟ್ಟಿಗೆ ಅಂಗಡಿಗೆ ಸಾಕ್ಷಿ ಕರೆಯುವುದು ಬೇಡ.

ಪುರಾಣ ಬಿಡಿ, ಇತಿಹಾಸವೂ ದೂರವಿಲ್ಲ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಹಲಗಲಿ ಬೇಡರ ಲಾವಣಿ ಕಲಿಸುವಾಗ ಒಬ್ಬ ಹುಡುಗ ಎದ್ದು ನಿಂತು, “ಅಕ್ಕೋರ, ಜಡಗನ ಕತ್ತಿ ಎಷ್ಟನೇ ಲೆವೆಲ್ಲಿಂದು?” ಎಂದು ಕೇಳಿದ. ತರಗತಿ ನಕ್ಕಿತು. ನನಗೆ ಅದು ಒಳ್ಳೆಯ ಪ್ರಶ್ನೆಯೆನ್ನಿಸಿತು. 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ಒಪ್ಪಿಸಿರೆಂದಾಗ ಹಲಗಲಿಯವರು ಒಪ್ಪಲಿಲ್ಲ, ಹೋರಾಡಿ ಸತ್ತರು. ಮರುವರ್ಷ ನರಗುಂದ ಎದ್ದಿತು. ಅವರ ಕತ್ತಿ ಮೊದಲ ಲೆವೆಲ್ಲಿನದೇ ಇದ್ದೀತು, ಎದುರಿಗಿದ್ದವರ ಬಂದೂಕು ಹತ್ತನೆಯದು. ಆದರೂ ಇಂದು ನಾವು ಹಾಡುವುದು ಯಾರ ಹೆಸರನ್ನು ಎಂದು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರ ಆಟದಾಗ ಅವ್ರ ಸೋಲ್ತಿದ್ರು, ಲಾವಣ್ಯಾಗ ಗೆದ್ದಾರ” ಎಂದ. ಇಂಥ ಉತ್ತರ ಕೊಡಬಲ್ಲ ಬುದ್ಧಿಯನ್ನು ಚಕ್ರ ತಿರುಗಿಸಲು ಕೂಡಿಸಿದ್ದಾರಲ್ಲ ಎಂಬುದೇ ನನ್ನ ಸಿಟ್ಟು.

ಆದ್ದರಿಂದ ಆಟ ನಿಲ್ಲಿಸಿರಿ ಎಂದು ನಾನು ಕೇಳುವುದಿಲ್ಲ. ಕೇಳುವುದು ನಾಲ್ಕು. ಒಂದು, ಆಯುಧವಾಗಲಿ ಅದನ್ನು ಏರಿಸುವ ಸರಕಾಗಲಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ದುಡ್ಡಿಗೆ ಮಾರುವುದನ್ನು ಕಾನೂನು ಲಾಟರಿ ಎಂದೇ ಕರೆಯಲಿ, ಹದಿನೆಂಟರ ಒಳಗಿನವರಿಗೆ ಅದನ್ನು ಮಾರುವುದು ಅಪರಾಧವಾಗಲಿ. ಎರಡು, ಅದು ಆಗುವವರೆಗೆ, ಎಷ್ಟಕ್ಕೆ ಎಷ್ಟು ಸಂಭವ ಎಂಬುದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಬೆಲೆಯ ಪಕ್ಕದಲ್ಲೇ ಬರೆಯಲಿ. ಬೆಲೆಯನ್ನೂ ರೂಪಾಯಿಯಲ್ಲೇ ಬರೆಯಲಿ, ಡೈಮಂಡಿನಲ್ಲಿ ಬೇಡ. ಮೂರು, ಖಾತೆಯಿಂದ ದುಡ್ಡು ಹೋದಾಗ ಬರುವ ಸಂದೇಶ ಖಾತೆಯ ಒಡತಿ ಬಲ್ಲ ಭಾಷೆಯಲ್ಲಿ ಬರಲಿ, ಓದಲು ಬಾರದವಳಿಗೆ ದನಿಯಲ್ಲಿ ಬರಲಿ. ದೇಶದ ಮೂಲೆಮೂಲೆಗೆ ದುಡ್ಡು ಕಳಿಸುವ ಯಂತ್ರ ಕಟ್ಟಿದವರಿಗೆ ಇದು ದೊಡ್ಡ ಕೆಲಸವಲ್ಲ.

ನಾಲ್ಕನೆಯದು ನಮ್ಮ ಕೆಲಸ, ಮಾಸ್ತರರದು ಮತ್ತು ಮನೆಯವರದು. ಸಂಭವದ ಲೆಕ್ಕವನ್ನು ಪುಸ್ತಕದ ದಾಳ, ನಾಣ್ಯಗಳಲ್ಲೇ ಮುಗಿಸದೆ ಈ ಪೆಟ್ಟಿಗೆಯಿಂದಲೇ ಕಲಿಸೋಣ. ಆ ಮೂವತ್ತೇಳು ಹುಡುಗರ ಲೆಕ್ಕ ಒಮ್ಮೆ ಕರಿಹಲಗೆಯ ಮೇಲೆ ಬಿದ್ದರೆ ಮಕ್ಕಳು ಮರೆಯುವುದಿಲ್ಲ. ಮತ್ತು ಮೂವತ್ತರಿಂದ ಮೂವತ್ತೆರಡಕ್ಕೆ ಬಂದ ಹುಡುಗನ ವಹಿಯ ಮೇಲೆ ‘ಎರಡು ಏರಿದೆ’ ಎಂದು ಕೆಂಪು ಮಸಿಯಲ್ಲಿ ಬರೆಯೋಣ. ಅದಕ್ಕೆ ದುಡ್ಡು ಬೇಕಿಲ್ಲ, ಅದೃಷ್ಟವೂ ಬೇಕಿಲ್ಲ. ನಮ್ಮ ಸಾಲಿಯಲ್ಲಿ ಏರುವುದು ಕಣ್ಣಿಗೆ ಕಾಣತೊಡಗಿದರೆ, ಆ ಇನ್ನೊಂದು ಸಾಲಿಯ ಬಾಗಿಲಲ್ಲಿ ಹುಡುಗರು ಎರಡು ಸಾವಿರ ರೂಪಾಯಿ ಹಿಡಿದು ನಿಲ್ಲುವುದಿಲ್ಲ.